ಹಿಂದೆ ನಾಲ್ಕು ಟೈರೋ, ಎರಡೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಪಿಕಪ್ ಟ್ರಕ್ ಮತ್ತು ಟ್ರೇಲರ್ ಬಗ್ಗೆ ಬಂದಿದ್ದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹಿಂದಿನ ಆಕ್ಸಲ್‌ಗೆ ಪಕ್ಕಕ್ಕೆರಡರಂತೆ ನಾಲ್ಕು ಟೈರ್ ಇರುವ ಟ್ರಕ್ಕಿಗೆ ಅಲ್ಲಿ ‘ಡ್ಯೂಯಲಿ’ ಎನ್ನುತ್ತಾರೆ. ಇಲ್ಲಿ ಅದನ್ನು ಜೋಡಿ ಟೈರಿನ ಟ್ರಕ್ ಎಂದೂ, ಮಾಮೂಲಿನದನ್ನು ಒಂಟಿ ಟೈರಿನದು ಎಂದೂ ಕರೆದಿದ್ದೇವೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎನ್ನುವುದು ಅಲ್ಲಿ ಪಿಕಪ್‌ಗಳ ದರ್ಜೆಯ ಹೆಸರಷ್ಟೇ, ಹೊರುವ ತೂಕವಲ್ಲ. ಅಲ್ಲಿನ ಸ್ಟಿಕ್ಕರ್, ತೂಕದ ಚೀಟಿ ಎಲ್ಲದರಲ್ಲೂ ಬಳಕೆಯಲ್ಲಿರುವುದು ಪೌಂಡ್. ಹಾಗಾಗಿ ಲೆಕ್ಕವೂ ಪೌಂಡಿನಲ್ಲೇ ಇದೆ. ಕೆ.ಜಿ. ಬೇಕಾದವರು 2.2ರಿಂದ ಭಾಗಿಸಿಕೊಳ್ಳಿ.

ಪ್ರಶ್ನೆ: ನಿವೃತ್ತಿಯ ನಂತರ ಊರೂರು ಸುತ್ತಲು 36 ಅಡಿಯ ಫಿಫ್ತ್ ವೀಲ್ ಟ್ರೇಲರ್ (ಟ್ರಕ್ಕಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆ) ನೋಡಿದ್ದೇವೆ. ಅದರ ಗರಿಷ್ಠ ತೂಕ 14,000 ಪೌಂಡ್. ಒಂಟಿ ಟೈರಿನ ಒಂದು ಟನ್ ಡೀಸೆಲ್ ಟ್ರಕ್ 18,000 ಪೌಂಡ್ ಎಳೆಯುತ್ತದೆ ಎಂದು ಕೈಪಿಡಿಯಲ್ಲಿದೆ. ಆದರೂ ಕ್ಯಾಂಪಿನಲ್ಲಿ ಸಿಕ್ಕವರೆಲ್ಲ ಜೋಡಿ ಟೈರಿನದ್ದೇ ತಗೊಳ್ಳಿ ಅನ್ನುತ್ತಾರೆ. ಯಾಕೆ? — ಡಲ್ಲಾಸ್, ಟೆಕ್ಸಸ್

ಎಳೆಯುವ ವಿಷಯದಲ್ಲಿ ಕೈಪಿಡಿ ಸುಳ್ಳು ಹೇಳುತ್ತಿಲ್ಲ. ಒಂದೇ ಎಂಜಿನ್, ಒಂದೇ ಗೇರ್‌ಬಾಕ್ಸ್. ಎರಡು ಟ್ರಕ್ಕೂ ನಿಮ್ಮ ಟ್ರೇಲರನ್ನು ಎಳೆದೇ ಎಳೆಯುತ್ತವೆ. ನಿಮ್ಮ ವಿಷಯದಲ್ಲಿ ತೊಡಕು ಬರುವುದು ಹೊರುವುದರಲ್ಲಿ.

ಫಿಫ್ತ್ ವೀಲ್ ಟ್ರೇಲರಿನ ಕಿಂಗ್‌ಪಿನ್, ಅಂದರೆ ಟ್ರಕ್ಕಿಗೆ ಸಿಕ್ಕಿಸುವ ಮುಂದಿನ ಗೂಟ, ಟ್ರಕ್ಕಿನ ಬೆಡ್ (ಹಿಂದಿನ ತೆರೆದ ತೊಟ್ಟಿ) ಒಳಗೆ, ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಸಾಮಾನ್ಯವಾಗಿ 20ರಿಂದ 25 ಶೇಕಡಾ ಅಲ್ಲಿ ಇಳಿಯುತ್ತದೆ. ಕೈಪಿಡಿಯ ಅಂಕಿಗೆ ಆಧಾರವಾದ, ಎಸ್‌ಎಇ ಎಂಬ ಎಂಜಿನಿಯರುಗಳ ಸಂಘದ ಜೆ2807 ಪರೀಕ್ಷೆಯಲ್ಲಿ ಈ ಪಾಲನ್ನು 15 ಶೇಕಡಾ ಎಂದು ಹಿಡಿಯುತ್ತಾರೆ, ಟ್ರಕ್ಕಿನಲ್ಲಿ ತಲಾ 150 ಪೌಂಡಿನ ಇಬ್ಬರು ಮಾತ್ರ ಕೂತಿದ್ದಾರೆ ಎಂದುಕೊಳ್ಳುತ್ತಾರೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11 ಮೈಲಿಗೂ ಮಿಕ್ಕ ಏರನ್ನು ಒಂಟಿ ಟೈರಿನ ಟ್ರಕ್ ಗಂಟೆಗೆ 40 ಮೈಲಿಗೆ, ಜೋಡಿ ಟೈರಿನದು 35ಕ್ಕೆ ಕಡಿಮೆಯಾಗದಂತೆ ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ನಿಮ್ಮ ಬೆಡ್‌ನಲ್ಲಿರುವ ಟೂಲ್ ಬಾಕ್ಸ್ ಅದಕ್ಕೆ ಗೊತ್ತಿಲ್ಲ.

ನಿಮ್ಮ ಲೆಕ್ಕ ಹೀಗೆ ಹಾಕಿ. 14,000ಕ್ಕೆ 22 ಶೇಕಡಾ ಅಂದರೆ ಪಿನ್ ತೂಕ 3,080. ಆ ಪಿನ್ ಹಿಡಿಯುವ ಕೊಂಡಿ, ಅಂದರೆ ಹಿಚ್, 200. ಗಂಡ-ಹೆಂಡತಿ 330. ಬೆಡ್‌ನಲ್ಲಿ ಟೂಲ್ ಬಾಕ್ಸ್, ಮರದ ದಿಮ್ಮಿ, ಕುರ್ಚಿ, ಸಣ್ಣಪುಟ್ಟದ್ದು 250. ಒಟ್ಟು 3,860. ಈಗ ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿರುವ ಹಳದಿ-ಬಿಳಿ ಸ್ಟಿಕ್ಕರಿನಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಮೀರಬಾರದು ಎಂದು ಬರೆದಿದೆ ನೋಡಿ. ನಾಲ್ಕು ಬಾಗಿಲಿನ 4×4 ಡೀಸೆಲ್ ಒಂಟಿ ಟೈರಿನ ಟ್ರಕ್ಕಿನಲ್ಲಿ ಅದು 3,700 ಇದ್ದರೆ ನೀವಾಗಲೇ 160 ಹೆಚ್ಚು. ಇಬ್ಬರೇ ಹೋಗುವಾಗಿನ ಕಥೆಯಿದು. ಊರಿಂದ ಅತ್ತೆ-ಮಾವ ಬಂದು ಹಿಂದೆ ಕೂತರೆ ಇನ್ನೂ 300. ಅದೇ ಜೋಡಿ ಟೈರಿನದರಲ್ಲಿ ಒಟ್ಟು ತೂಕದ ಮಿತಿ ಸಾಮಾನ್ಯವಾಗಿ 14,000 ಪೌಂಡ್. ಹೊರುವ ಶಕ್ತಿ 5,000ದ ಮೇಲಿರುತ್ತದೆ.

ಟೈರಿನ ಲೆಕ್ಕ ಇದಕ್ಕಿಂತ ಕಣ್ಣು ತೆರೆಸುತ್ತದೆ. ಒಂಟಿ ಟೈರಿನ ಟ್ರಕ್ಕಿಗೆ ಬರುವ 275/70 ಆರ್18 ಅಳತೆಯ, ‘ಲೋಡ್ ರೇಂಜ್ ಇ’ ಎಂಬ ಹೊರೆಯ ದರ್ಜೆಯ ಟೈರ್ 80 ಪಿಎಸ್‌ಐ ಗಾಳಿಯಲ್ಲಿ 3,640 ಪೌಂಡ್ ಹೊರುತ್ತದೆ, ಎರಡಕ್ಕೆ 7,280. ಫೋರ್ಡ್ ಜೋಡಿ ಟೈರಿನ ಟ್ರಕ್ಕಿಗೆ ಬರುವ 245/75 ಆರ್17 ಒಂಟಿಯಾಗಿ 3,195, ಜೋಡಿಯಲ್ಲಿ 2,910 ಹೊರುತ್ತದೆ; ನಾಲ್ಕಕ್ಕೆ 11,640. ಜೋಡಿಯಲ್ಲಿ ಕಡಿಮೆ ಯಾಕೆಂದರೆ ರಸ್ತೆ ಮಧ್ಯಕ್ಕೆ ಉಬ್ಬಿರುತ್ತದೆ, ಎರಡು ಟೈರಿನ ಗಾಳಿ ಎಂದೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ, ಒಳಗಿನ ಟೈರಿಗೆ ಗಾಳಿಯಾಡದೆ ಬಿಸಿ ಹೆಚ್ಚು. ಖಾಲಿ ಒಂಟಿ ಟೈರಿನ ಡೀಸೆಲ್ ಟ್ರಕ್ಕಿನ ಹಿಂಭಾಗ 3,200 ಎಂದಿಟ್ಟುಕೊಳ್ಳಿ. ಮೇಲಿನ ಭಾರದಲ್ಲಿ ಹಿಂದಕ್ಕೆ ಬೀಳುವ ಪಾಲು, ಸುಮಾರು 3,660, ಸೇರಿಸಿದರೆ 6,860 ಆಗುತ್ತದೆ, ಟೈರಿನ ಶಕ್ತಿಯ 94 ಶೇಕಡಾ. ಜೋಡಿ ಟೈರಿನದರ ಹಿಂಭಾಗವೇ 3,600 ತೂಗಿದರೂ ಒಟ್ಟು 7,260, ಅಂದರೆ 62 ಶೇಕಡಾ. ಜುಲೈ ತಿಂಗಳ ಟೆಕ್ಸಸ್ ಬಿಸಿಲಿನಲ್ಲಿ ದಿನವಿಡೀ 94 ಶೇಕಡಾದಲ್ಲಿ ಓಡುವ ಟೈರ್ ಕಾನೂನಿನ ಒಳಗೇ ಇರುತ್ತದೆ. ನಾವಂತೂ ಅದನ್ನು ನಂಬಿ ಕೂರುವುದಿಲ್ಲ.

ಟ್ರೇಲರ್ ಮಾರುವವರು ತೋರಿಸುವ ಪಿನ್ ತೂಕವನ್ನು ಮಾತ್ರ ನೆಚ್ಚಬೇಡಿ. ಅದು ಖಾಲಿ ಟ್ರೇಲರಿನದು. ಮಲಗುವ ಕೋಣೆಯ ಬಟ್ಟೆಯ ಕಪಾಟು, ಅದರ ಕೆಳಗಿನ ದೊಡ್ಡ ಸಾಮಾನಿನ ಗೂಡು, ಬ್ಯಾಟರಿ ಎಲ್ಲವೂ ಟ್ರೇಲರಿನ ಆಕ್ಸಲ್‌ಗಿಂತ ಮುಂದಿರುತ್ತವೆ. ಮನೆ ತುಂಬುತ್ತಾ ಹೋದಂತೆ ಪಿನ್ ಭಾರವೇ ಹೆಚ್ಚುತ್ತದೆ. ಈ ಟ್ರೇಲರಿಗೆ ಜೋಡಿ ಟೈರಿನದ್ದೇ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮದು ಬಂಪರ್ ಕೆಳಗಿನ ಬಾಲ್‌ಗೆ ಸಿಕ್ಕಿಸುವ 26 ಅಡಿಯ ಟ್ರಾವೆಲ್ ಟ್ರೇಲರ್, ತುಂಬಿದಾಗ 7,500 ಪೌಂಡ್. ಲಾರಿ ಪಕ್ಕದಲ್ಲಿ ಹಾದುಹೋದರೆ ಬಾಲ ಅಲ್ಲಾಡಿಸುತ್ತದೆ. ಜೋಡಿ ಟೈರಿನ ಟ್ರಕ್ ತಗೊಂಡರೆ ನಿಲ್ಲುತ್ತದೆಯೇ? — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ದುಡ್ಡು ಉಳಿಸಿಕೊಳ್ಳಿ. ಎತ್ತಿನ ಗಾಡಿಗೆ ಹೇರು ಹಾಕುವವರು ಮುಂಭಾರ, ಹಿಂಭಾರ ನೋಡುತ್ತಾರಲ್ಲ, ನಿಮ್ಮ ತೊಂದರೆಯ ಬುಡ ಅಲ್ಲಿದೆ. ಹಿಂಭಾರವಾದರೆ ಗಾಡಿ ಮೂಕಿ ಎತ್ತುತ್ತದೆ. ಟ್ರೇಲರ್ ಮೂಕಿ ಎತ್ತಲಾಗದೆ ಆಚೀಚೆ ಹೊಡೆದಾಡುತ್ತದೆ. ಈ ಬಗೆಯ ಟ್ರೇಲರಿನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಮುಂದೆ ಹಿಚ್ ಮೇಲೆ ಬೀಳಬೇಕು. ನಿಮ್ಮದಕ್ಕೆ ಸುಮಾರು 940 ಇದ್ದರೆ ಚೆನ್ನ, 750ರ ಕೆಳಗಿಳಿದರೆ ಆಡುವ ಅಪಾಯ ಹೆಚ್ಚು. ಸೈಕಲ್‌ಗಳನ್ನು ಹಿಂದಿನ ಬಂಪರಿಗೆ ನೇತುಹಾಕಿದ್ದರೆ ಮೊದಲು ತೆಗೆಯಿರಿ.

ಆಮೇಲೆ ಅಲ್ಲಾಟ ತಡೆಯುವ ಸೌಲಭ್ಯವಿರುವ ವೆಯಿಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ. ಹಿಂದೆ ಕುಸಿದ ಭಾರದಲ್ಲಿ ಸ್ವಲ್ಪವನ್ನು ಅದು ಟ್ರಕ್ಕಿನ ಮುಂಚಕ್ರಕ್ಕೂ ಸ್ವಲ್ಪವನ್ನು ಟ್ರೇಲರಿನ ಆಕ್ಸಲ್‌ಗೂ ಹಂಚುತ್ತದೆ. ಟ್ರೇಲರ್ ನೆಲಕ್ಕೆ ಸಮನಾಗಿ, ಇಲ್ಲವೇ ಮೂಗು ತುಸು ಕೆಳಗಿರುವಂತೆ ಬಾಲ್‌ನ ಎತ್ತರ ಹೊಂದಿಸಿ. ಅಲ್ಲಾಟ ಶುರುವಾದಾಗ ಟ್ರಕ್ಕಿನ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡುತ್ತಾ, ಬ್ರೇಕ್ ಕಂಟ್ರೋಲರಿನ ಕೈಗುಂಡಿ ಒತ್ತಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸಿ. ಅಂದಹಾಗೆ ನಿಮ್ಮ ರಾಜ್ಯದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗಮಿತಿ ಗಂಟೆಗೆ 55 ಮೈಲಿ. ಅದನ್ನು ಪಾಲಿಸಿದರೇ ಅರ್ಧ ಅಲ್ಲಾಟ ಹೋಗುತ್ತದೆ.

ಈಗಿರುವುದು ಅರ್ಧ ಟನ್ ಟ್ರಕ್ ಆಗಿದ್ದರೆ ಅದನ್ನು ಬದಲಿಸುವುದು ಬೇರೆ ಮಾತು: ಹಿಚ್ ಮೇಲೆ 940, ಹಿಚ್ಚೇ 100, ನಾಲ್ವರ ಸಂಸಾರ 600 ಸೇರಿದರೆ 1,640. ಅಂಥ ಟ್ರಕ್ಕಿನ ಸ್ಟಿಕ್ಕರ್ ಬಹಳಷ್ಟು ಸಲ ಅದರ ಆಸುಪಾಸಿನಲ್ಲೇ ಮುಗಿಯುತ್ತದೆ. ಪೆಟ್ರೋಲಿನ ಮುಕ್ಕಾಲು ಟನ್, ಒಂಟಿ ಟೈರಿನದು, ಧಾರಾಳ ಸಾಕು.

ಪ್ರಶ್ನೆ: ದೋಸೆ ಟ್ರೇಲರ್ ಮಾಡಿಸುತ್ತಿದ್ದೇವೆ, 20 ಅಡಿ ಉದ್ದ. ಕಟ್ಟುವವರು 7,000 ಪೌಂಡಿನ ಎರಡು ಆಕ್ಸಲ್ ಹಾಕುತ್ತೇವೆ ಅಂದಿದ್ದಾರೆ. ತುಂಬಿದ ತೂಕ 9,500 ಆಗಬಹುದು. ಗಟ್ಟಿಮುಟ್ಟಾಗಿರಲಿ ಎಂದು ಜೋಡಿ ಟೈರಿನ ಟ್ರಕ್ ಆರ್ಡರ್ ಮಾಡೋಣವೇ? — ಹೂಸ್ಟನ್, ಟೆಕ್ಸಸ್

ಆರ್ಡರ್ ಕೊಡುವ ಮುಂಚೆ ಲೈಸೆನ್ಸ್ ಲೆಕ್ಕ ನೋಡಿ. ವ್ಯಾಪಾರಕ್ಕೆ ಓಡಿಸುವಾಗ ಟ್ರಕ್ ಮತ್ತು ಟ್ರೇಲರಿನ ಫಲಕಗಳಲ್ಲಿರುವ ಗರಿಷ್ಠ ತೂಕ ಕೂಡಿ 26,001 ಪೌಂಡ್ ಅಥವಾ ಹೆಚ್ಚಾಗಿ, ಅದರಲ್ಲಿ ಟ್ರೇಲರಿನದು 10,000 ದಾಟಿದರೆ ಕ್ಲಾಸ್ ಎ ಕಮರ್ಷಿಯಲ್ ಲೈಸೆನ್ಸ್ ಬೇಕು. ನಿಜವಾದ ತೂಕ ಕಡಿಮೆಯಿದೆ ಎಂದರೆ ನಡೆಯುವುದಿಲ್ಲ, ಫಲಕದ ಅಂಕಿಯೇ ಹಿಡಿಯುತ್ತದೆ. ಜೋಡಿ ಟೈರಿನ ಟ್ರಕ್ 14,000, ಎರಡು ಆಕ್ಸಲ್‌ನ ಟ್ರೇಲರ್ 14,000, ಕೂಡಿದರೆ 28,000. ದೋಸೆ ಹುಯ್ಯುವ ಹುಡುಗನಿಗೂ ಲಾರಿ ಡ್ರೈವರಿನ ಲೈಸೆನ್ಸ್ ಬೇಕಾದೀತು! ಅದೇ 10,000 ಮಿತಿಯ ಮುಕ್ಕಾಲು ಟನ್ ಒಂಟಿ ಟೈರಿನ ಟ್ರಕ್ಕಾದರೆ 24,000, ಆ ತಾಪತ್ರಯವಿಲ್ಲ. ಜೋಡಿಯೇ ಬೇಕೆಂದಿದ್ದರೆ ಟ್ರೇಲರನ್ನು 6,000ದ ಎರಡು ಆಕ್ಸಲ್ ಮೇಲೆ 12,000 ಮಿತಿಗೆ ಮಾಡಿಸಿ. ಸರಿಯಾಗಿ 26,000ಕ್ಕೆ ನಿಲ್ಲುತ್ತದೆ. 9,990 ಮಿತಿಯ ಟ್ರೇಲರೂ ಸಿಗುತ್ತದೆ, ನಿಮ್ಮ 9,500ಕ್ಕೆ ಅದು ತೀರಾ ಬಿಗಿ. ವ್ಯಾಪಾರಕ್ಕಾಗಿ ರಾಜ್ಯದ ಗಡಿ ದಾಟುವುದಾದರೆ 10,001 ಪೌಂಡಿಗೇ ಯುಎಸ್ ಡಾಟ್ ನಂಬರ್ (ಅಲ್ಲಿನ ಕೇಂದ್ರ ಸಾರಿಗೆ ಇಲಾಖೆಯ ನೋಂದಣಿ) ಬೇಕಾಗುತ್ತದೆ, ನೆನಪಿರಲಿ.

ಹೊರುವ ಲೆಕ್ಕದಲ್ಲೂ ಜೋಡಿ ಬೇಕಿಲ್ಲ: 9,500ಕ್ಕೆ 12 ಶೇಕಡಾ ಎಂದರೆ 1,140 ಅಷ್ಟೆ. ಟ್ರಕ್ಕಿನ ಹಿಚ್ ರಿಸೀವರ್ (ಹಿಚ್ ತೂರಿಸುವ ಕೊಳವೆ) ಮೇಲೆ ಬರೆದಿರುವ ಮಿತಿ ಅದಕ್ಕಿಂತ ಹೆಚ್ಚಿದೆಯೇ ನೋಡಿಕೊಂಡರಾಯಿತು.

ನೀವು ಕೇಳದ ಒಂದು ಸಂಗತಿ ಇದೆ. ಊಟದ ಟ್ರೇಲರಿನ ಮುಂಭಾರ ಬೆಳಿಗ್ಗೆ ಇದ್ದಂತೆ ರಾತ್ರಿ ಇರುವುದಿಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್. ಒಳ್ಳೆ ನೀರಿನ ಟ್ಯಾಂಕ್ ಮುಂದೆ, ಬಚ್ಚಲ ನೀರಿನದು ಹಿಂದೆ ಇದ್ದರೆ ದಿನವಿಡೀ ಪಾತ್ರೆ ತೊಳೆದು 48 ಗ್ಯಾಲನ್, ಅಂದರೆ 400 ಪೌಂಡ್, ಮುಂದಿನಿಂದ ಹಿಂದಕ್ಕೆ ಹೋಗಿರುತ್ತದೆ. ಎರಡೂ ಟ್ಯಾಂಕ್ ಆಕ್ಸಲ್‌ನಿಂದ ಆರಾರು ಅಡಿ ದೂರದಲ್ಲಿದ್ದು, ಬಾಲ್‌ನಿಂದ ಆಕ್ಸಲ್‌ವರೆಗೆ 16 ಅಡಿ ಇದ್ದರೆ ಮುಂಭಾರ 300 ಪೌಂಡ್ ಇಳಿಯುತ್ತದೆ. ಬೆಳಿಗ್ಗೆ 1,140 ಇದ್ದದ್ದು ರಾತ್ರಿ 840, ಒಂಬತ್ತು ಶೇಕಡಾಕ್ಕಿಂತ ಕಡಿಮೆ. ಬರುವಾಗ ಸುಮ್ಮನಿದ್ದ ಟ್ರೇಲರ್ ಹೋಗುವಾಗ ಬಾಲ ಬೀಸುವುದು ಇದಕ್ಕೇ. ಹೊರಡುವ ಮುನ್ನ ಬಚ್ಚಲ ನೀರನ್ನು ಅದಕ್ಕೆಂದಿರುವ ಜಾಗದಲ್ಲಿ ಖಾಲಿ ಮಾಡಿ. ಇನ್ನೂ ಕಟ್ಟುತ್ತಿರುವುದರಿಂದ ಎರಡೂ ಟ್ಯಾಂಕನ್ನು ಆಕ್ಸಲ್ ಮೇಲೆಯೇ ಬರುವಂತೆ ಹೇಳಿ. ಗ್ರೈಂಡರ್, ಕಾವಲಿ, ಫ್ರಿಜ್ ಮೂರನ್ನೂ ಒಂದೇ ಮಗ್ಗುಲಿಗೆ ಕೂರಿಸಲು ಬಿಡಬೇಡಿ.

ಪ್ರಶ್ನೆ: ನಮ್ಮ 407 ಗಾಡಿಯ ಒಳಗಿನ ಟೈರನ್ನು ರಾಡ್‌ನಿಂದ ಬಡಿದು ಸದ್ದು ಕೇಳಿ ಗಾಳಿ ನೋಡುವುದು ರೂಢಿ. ಮಗ ಅಮೆರಿಕದಲ್ಲಿ ಜೋಡಿ ಟೈರಿನ ಪಿಕಪ್ ತಗೊಂಡಿದ್ದಾನೆ, ಒಂದು ಪಂಚರ್ ಆದರೂ ಇನ್ನೊಂದರಲ್ಲಿ ಮನೆ ಸೇರಬಹುದು ಅನ್ನುತ್ತಾನೆ. ಹೌದೇ? — ಹಾಸನ

ಮನೆ ಸೇರಲು ಆಗದು, ರಸ್ತೆ ಬದಿ ಸೇರಬಹುದು. ಜೋಡಿಯ ನಿಜವಾದ ಲಾಭ ಅಷ್ಟೇ, ಅದೇ ದೊಡ್ಡದು: ಟೈರ್ ಸಿಡಿದಾಗ ಟ್ರಕ್ ಒಂದು ಕಡೆಗೆ ವಾಲದೆ ಕೈಯಲ್ಲಿ ಉಳಿಯುತ್ತದೆ. ಡಲ್ಲಾಸಿನವರ ಲೆಕ್ಕದಲ್ಲಿ ಹಿಂದೆ 7,260 ಇತ್ತು. ಒಂದು ಮಗ್ಗುಲಿಗೆ 3,630. ಉಳಿದ ಒಂದು ಟೈರ್ ಹೊರುವುದು 3,195. ಅದರ ಮೇಲೇ ಐವತ್ತು ಮೈಲಿ ಓಡಿಸಿದರೆ ಎರಡನೆಯದೂ ಸಿಡಿಯಬಹುದು. ಸಿಡಿಯದೆ ಉಳಿದರೂ ಒಳಗೆ ಬೆಂದಿರುತ್ತದೆ, ಅದನ್ನು ಬಿಚ್ಚಿಸಿ ಒಳಮೈ ತೋರಿಸಬೇಕು.

ರಾಡ್ ಏಟಿಗೆ ಗೊತ್ತಾಗುವುದು ಪೂರ್ತಿ ಇಳಿದ ಟೈರ್ ಮಾತ್ರ. ಪಿಕಪ್‌ಗೆ ಬರುವ ಎಲ್‌ಟಿ (ಲೈಟ್ ಟ್ರಕ್) ಟೈರಿನ ಗೋಡೆ ಗಡುಸು. 65 ಪಿಎಸ್‌ಐ ಇರಬೇಕಾದದ್ದು 45ಕ್ಕೆ ಇಳಿದಿದ್ದರೂ ಅದೇ ಸದ್ದು ಕೊಡುತ್ತದೆ, ಪಕ್ಕದ ಟೈರ್ ಭಾರ ಹೊತ್ತುಕೊಂಡಿರುವುದರಿಂದ ಕಣ್ಣಿಗೂ ಕಾಣದು. ಇರಬೇಕಾದದ್ದಕ್ಕಿಂತ 20 ಶೇಕಡಾ ಇಳಿದರೆ ಅದನ್ನು ಪಂಚರ್ ಎಂದೇ ಲೆಕ್ಕ ಹಾಕಬೇಕು, 65ಕ್ಕೆ 52. ಮಗನಿಗೆ ಹೇಳಿ: ಉದ್ದ ಕಾಂಡದ, ಎರಡು ಮೂತಿಯ ಗೇಜ್ ಕೊಳ್ಳಲಿ, ಟೈರ್ ತಣ್ಣಗಿರುವಾಗ ಆರನ್ನೂ ನೋಡಲಿ. ಜೋಡಿ ಟೈರಿನ ಗಾಡಿಗೆ ಗಾಳಿ ಸೂಚಿಸುವ ಸೆನ್ಸರ್ ಇರಲೇಬೇಕೆಂಬ ಕಾನೂನು ಅಲ್ಲಿಲ್ಲ. ಇಲ್ಲದಿದ್ದರೆ ಹೊರಗಿನಿಂದ ಆರು ಸೆನ್ಸರ್ ಹಾಕಿಸಿಕೊಳ್ಳಲಿ. ಎರಡು ಟೈರಿನ ನಡುವೆ ಕಲ್ಲು ಸಿಕ್ಕಿದೆಯೇ ಎಂದೂ ಬಗ್ಗಿ ನೋಡುತ್ತಿರಲಿ. ಅದು 407ಗೂ ಸಲ್ಲುವ ಮಾತು.

ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೊಸ ಟೈರ್ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಈ ಅಳತೆಯ ಎರಡು ಟೈರ್‌ಗಳ ವ್ಯಾಸದಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಟೇಪು ಸುತ್ತಿ ಅಳೆದರೆ ಸುತ್ತಳತೆಯಲ್ಲಿ ಮುಕ್ಕಾಲು ಇಂಚು. ಹೊಸ ಟೈರಿನ ಮೈಮೇಲಿನ ಗೀರುಗಳ ಆಳ ಒಂದಿಂಚಿನ 32ರಲ್ಲಿ 14 ಭಾಗ, ಹಳೆಯದರದು 8 ಭಾಗ ಇದ್ದರೆ ವ್ಯಾಸದ ವ್ಯತ್ಯಾಸ 12 ಭಾಗ, ಅಂದರೆ ಮೂರೆಂಟಾಂಶ ಇಂಚು. ಎತ್ತರದ್ದು ಭಾರವನ್ನೆಲ್ಲ ಹೊತ್ತು ಬಿಸಿಯಾಗುತ್ತದೆ, ಗಿಡ್ಡದ್ದು ಉಜ್ಜಿಕೊಂಡು ಸವೆಯುತ್ತದೆ. ಮಿತಿಯೊಳಗಿನ ವ್ಯತ್ಯಾಸವಾದರೆ ದೊಡ್ಡದನ್ನು ಹೊರಗೆ ಹಾಕಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಡ್ರಮ್ಮಿಗೋ ಹಬ್ಬಿಗೋ ತಾಗುವ ಮೈಯಲ್ಲಿ, ಎರಡು ರಿಮ್ ಪರಸ್ಪರ ತಾಗುವಲ್ಲಿ ತುಕ್ಕು ಉಳಿದಿದ್ದರೆ ನಟ್ ಸಡಿಲಾಗುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿದು, ನೂರು ಮೈಲಿಯೊಳಗೆ ಮತ್ತೊಮ್ಮೆ ಬಿಗಿಯಬೇಕು.

ಪ್ರಶ್ನೆ: ವರ್ಷಕ್ಕೆ ಎರಡು ಸಲ ಟ್ರೇಲರ್, ಉಳಿದ ದಿನ ಅದೇ ಟ್ರಕ್ಕಿನಲ್ಲಿ ಆಫೀಸ್. ಹಿಮದಲ್ಲಿ ಜೋಡಿ ಟೈರಿಗೆ ಹಿಡಿತ ಹೆಚ್ಚೇ? — ಮಿನಿಯಾಪೊಲಿಸ್, ಮಿನೆಸೋಟಾ

ಖಾಲಿ ಓಡುವಾಗ ಕಡಿಮೆ. ಅದೇ ತೂಕ ಎರಡರ ಬದಲು ನಾಲ್ಕು ಟೈರಿಗೆ ಹಂಚಿಹೋಗಿ ಪ್ರತಿ ಟೈರ್ ನೆಲಕ್ಕೆ ಒತ್ತುವುದು ಕಮ್ಮಿಯಾಗುತ್ತದೆ. ಹಿಮ, ಕೆಸರು, ಒದ್ದೆ ಹುಲ್ಲಿನ ಮೇಲೆ ತೇಲುತ್ತದೆ. ಒಂಟಿ ಟೈರ್ ಮುಂಚಕ್ರ ಮಾಡಿಕೊಟ್ಟ ಜಾಡಿನಲ್ಲೇ ಬರುತ್ತದೆ, ಜೋಡಿಯ ಹೊರಗಿನದು ಹೊಸ ಹಿಮ ಕೊರೆಯುತ್ತಾ ಬರಬೇಕು. ಚಳಿಗಾಲದ ಟೈರೂ ಆರು ಕೊಳ್ಳಬೇಕು. ಉದ್ದದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಎಂಟಡಿ ಬೆಡ್‌ನ ಒಂಟಿ ಟೈರಿನದೂ 22 ಅಡಿಯೇ. ತೊಂದರೆ ಅಗಲದ್ದು: ಒಂಟಿಗೆ 80 ಇಂಚಿನ ಆಸುಪಾಸು, ಜೋಡಿಗೆ ಹಿಂದೆ 96. ಎಂಟಡಿ ಬಾಗಿಲಿನ ಗ್ಯಾರೇಜಿಗೆ ಸೇರಿಸಲಾಗದು, ಬಹಳಷ್ಟು ಕಾರ್ ವಾಶ್‌ಗಳಲ್ಲಿ ಒಳಗೆ ಬಿಡುವುದಿಲ್ಲ, ಡ್ರೈವ್-ಥ್ರೂ ತಿರುವಿನ ಕಟ್ಟೆಗೆ ಹೊರಗಿನ ಟೈರಿನ ಗೋಡೆ ಉಜ್ಜುತ್ತದೆ. ನಿಮಗೆ ಒಂಟಿಯೇ ಸರಿ.

ಪ್ರಶ್ನೆ: ಒಂಟಿ ಟೈರಿನ ಟ್ರಕ್ ಈಗಾಗಲೇ ಇದೆ. ಫಿಫ್ತ್ ವೀಲ್ ಹಾಕಿದರೆ ಸ್ಟಿಕ್ಕರಿಗಿಂತ 400 ಪೌಂಡ್ ಹೆಚ್ಚಾಗುತ್ತದೆ. ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಏರ್‌ಬ್ಯಾಗ್ (ಗಾಳಿ ತುಂಬುವ ಚೀಲ) ಹಾಕಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ. — ಫೀನಿಕ್ಸ್, ಅರಿಜೋನಾ

ಏರ್‌ಬ್ಯಾಗ್ ಕುಸಿದ ಹಿಂಭಾಗವನ್ನು ಎತ್ತುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದು ತಪ್ಪುತ್ತದೆ. ಟೈರ್, ರಿಮ್, ಆಕ್ಸಲ್, ಬ್ರೇಕ್ ಮೊದಲಿದ್ದವೇ. ಬಾಗಿಲಿನ ಅಂಕಿ ಒಂದು ಪೌಂಡೂ ಮೇಲೇರುವುದಿಲ್ಲ. ಒಂಟಿಯನ್ನು ಜೋಡಿ ಮಾಡುವ ಅಡಾಪ್ಟರಿಗೂ ಇದೇ ಮಾತು.

ಮೊದಲು ನಿಜವಾಗಿ ತೂಗಿಸಿ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿರುವ, ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗೆ ಟ್ಯಾಂಕ್ ತುಂಬಾ ಡೀಸೆಲ್, ಎಲ್ಲ ಜನ, ಎಲ್ಲ ಸಾಮಾನಿನೊಂದಿಗೆ ಹೋಗಿ. ಮುಂಚಕ್ರ ಮೊದಲ ಹಲಗೆ, ಹಿಂಚಕ್ರ ಎರಡನೆಯದು, ಟ್ರೇಲರಿನ ಆಕ್ಸಲ್‌ಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿದರೆ ಚೀಟಿಯಲ್ಲಿ ಮೂರೂ ಬೇರೆಬೇರೆ ಬರುತ್ತವೆ. ಆಮೇಲೆ ಟ್ರೇಲರ್ ಕಳಚಿಟ್ಟು ಟ್ರಕ್ಕನ್ನಷ್ಟೇ ತೂಗಿಸಿ. ಎರಡು ಚೀಟಿಯಲ್ಲಿ ಟ್ರಕ್ಕಿನ ತೂಕದ ವ್ಯತ್ಯಾಸವೇ ನಿಮ್ಮ ಪಿನ್ ತೂಕ.

ಚೀಟಿಯಲ್ಲಿ ಹಿಂದಿನ ಆಕ್ಸಲ್‌ನ ಅಂಕಿ ಬಾಗಿಲಿನ ಫಲಕದ ಹಿಂದಿನ ಆಕ್ಸಲ್ ಮಿತಿಯನ್ನೋ ಟೈರಿನ ಮಿತಿಯನ್ನೋ ದಾಟಿದ್ದರೆ ಚರ್ಚೆಯೇ ಬೇಡ, ಟ್ರಕ್ ಬದಲಿಸಿ ಇಲ್ಲವೇ ಟ್ರೇಲರ್ ಚಿಕ್ಕದು ಮಾಡಿ. ಫೀನಿಕ್ಸ್ ಬೇಸಿಗೆಯ ಡಾಂಬರು ಆ ತಪ್ಪನ್ನು ಮನ್ನಿಸುವುದಿಲ್ಲ. ಆಕ್ಸಲ್, ಟೈರ್ ಎರಡೂ ಮಿತಿಯಲ್ಲಿದ್ದು ಒಟ್ಟು ತೂಕವಷ್ಟೇ 400 ಹೆಚ್ಚಿದ್ದರೆ ಇಳಿಸಿಕೊಳ್ಳುವುದು ಕಷ್ಟವಲ್ಲ. ಬೆಡ್‌ನ ಟೂಲ್ ಬಾಕ್ಸ್, ಜನರೇಟರ್ ಟ್ರೇಲರಿನ ಆಕ್ಸಲ್ ಮೇಲಿನ ಗೂಡಿಗೆ ಹೋಗಲಿ. ಭಾರದ ಉಕ್ಕಿನ ಹಿಚ್ ಇದ್ದರೆ ಹಗುರದ್ದು ಹಾಕಿಸಿ. ಪಿನ್ ಪಾಲು ಮಾತ್ರ 20 ಶೇಕಡಾದ ಸುತ್ತಮುತ್ತಲೇ ಇರಲಿ. ನೀರಿನ ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಖಾಲಿ ಒಯ್ದು ಕ್ಯಾಂಪಿನಲ್ಲಿ ತುಂಬಿಸಿಕೊಳ್ಳಿ. ಹಿಂದಿದ್ದರೆ ಖಾಲಿ ಮಾಡಿದಾಗ ಪಿನ್ ಭಾರ ಹೆಚ್ಚುತ್ತದೆ, ಹಾಗಾಗಿ ತುಂಬಿ ಒಮ್ಮೆ, ಖಾಲಿ ಇಟ್ಟು ಒಮ್ಮೆ ತೂಗಿಸಿ ನೋಡಿ.